ಚರ್ಮದ ಪ್ರಶ್ನೆ, ತಜ್ಞರ ಉತ್ತರ: ಯಾವ ಮುಲಾಮು, ಎಷ್ಟು, ಎಷ್ಟು ದಿನ?

ಈ ಸಲ ಬಂದ ಪತ್ರಗಳಲ್ಲಿ ಹಲವು ತೊಂದರೆಗಳು ವೈದ್ಯರ ಚೀಟಿ ಇಲ್ಲದೆ ಮೆಡಿಕಲ್ ಅಂಗಡಿಯಲ್ಲಿ ಕೊಂಡ ಟ್ಯೂಬಿನಿಂದಲೇ ಶುರುವಾದವು. ಹಾಗಾಗಿ ಮೊದಲ ಕೆಲವು ಉತ್ತರಗಳು ಉದ್ದವಾಗಿವೆ. ಮಾತ್ರೆಗಳ ಪ್ರಮಾಣವನ್ನು ತಿಳಿವಳಿಕೆಗಾಗಿ ಮಾತ್ರ ಕೊಟ್ಟಿದೆ. ನಿಮ್ಮ ತೂಕ, ವಯಸ್ಸು, ಬೇರೆ ಕಾಯಿಲೆಗಳನ್ನು ನೋಡಿ ಅದನ್ನು ಬರೆದುಕೊಡಬೇಕಾದವರು ನಿಮ್ಮನ್ನು ಪರೀಕ್ಷಿಸಿದ ವೈದ್ಯರೇ.

ಪ್ರಶ್ನೆ: ತೊಡೆಸಂದಿನಲ್ಲಿ, ಸೊಂಟದ ಸುತ್ತ ಹುಳುಕಡ್ಡಿ ಆಗಿ ಎಂಟು ತಿಂಗಳಾಯಿತು. ಮೆಡಿಕಲ್‌ನಲ್ಲಿ ಕೊಟ್ಟ ಮುಲಾಮು ಹಚ್ಚಿದರೆ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ. ಬಿಟ್ಟರೆ ವಾರದೊಳಗೆ ಮೊದಲಿಗಿಂತ ಅಗಲವಾಗಿ ಬರುತ್ತದೆ. ಈಗ ಹೆಂಡತಿಗೂ ನಾಲ್ಕು ವರ್ಷದ ಮಗನಿಗೂ ಹತ್ತಿದೆ. ರಕ್ತ ಕೆಟ್ಟಿದೆ, ಬದನೆಕಾಯಿ ಬಿಡಿ ಅನ್ನುತ್ತಾರೆ. ಏನು ಮಾಡಲಿ ಡಾಕ್ಟರೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ರಕ್ತ ಕೆಟ್ಟಿಲ್ಲ, ಬದನೆಕಾಯಿಗೂ ಇದಕ್ಕೂ ಸಂಬಂಧವಿಲ್ಲ. ಇದು ಚರ್ಮದ ಮೇಲ್ಪದರದಲ್ಲಿ ಬೆಳೆಯುವ ಫಂಗಸ್‌ನ ಸೋಂಕು. ಒಬ್ಬರಿಂದ ಒಬ್ಬರಿಗೆ ಟವೆಲ್, ಹಾಸಿಗೆ, ಬಟ್ಟೆಯ ಮೂಲಕ ಹೋಗುತ್ತದೆ.

ಮೊದಲು ನಿಮ್ಮ ಟ್ಯೂಬಿನ ಹಿಂಬದಿಯ ಸಣ್ಣಕ್ಷರ ಓದಿ. ಕ್ಲೋಬೆಟಾಸೋಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್, ಫ್ಲೂಸಿನೊಲೋನ್: ಇವುಗಳಲ್ಲಿ ಒಂದು ಹೆಸರಿದ್ದರೂ ಅದರಲ್ಲಿ ಸ್ಟೆರಾಯ್ಡ್ ಇದೆ ಎಂದೇ ಅರ್ಥ. ಕ್ಲೋಬೆಟಾಸೋಲ್ ಅಂತೂ ಹಚ್ಚುವ ಸ್ಟೆರಾಯ್ಡ್‌ಗಳಲ್ಲೇ ಅತ್ಯಂತ ಪ್ರಬಲವಾದದ್ದು. ಹುಳುಕಡ್ಡಿಗೆಂದು ಮಾರುವ ಬಹಳಷ್ಟು ಟ್ಯೂಬುಗಳಲ್ಲಿ ಒಂದು ಫಂಗಸ್ ಔಷಧ, ಒಂದೆರಡು ಬ್ಯಾಕ್ಟೀರಿಯಾ ಔಷಧ, ಜೊತೆಗೆ ಈ ಸ್ಟೆರಾಯ್ಡ್ ಬೆರೆತಿರುತ್ತದೆ. ಕೀಟೊಕೊನಜೋಲ್, ಲುಲಿಕೊನಜೋಲ್ ಎಂದು 'ಕೊನಜೋಲ್'ನಲ್ಲಿ ಮುಗಿಯುವ ಹೆಸರುಗಳು ಫಂಗಸ್‌ನವು. ಒಂಟಿಯಾಗಿ ಅವಿದ್ದರೆ ಚಿಂತೆಯಿಲ್ಲ.

ಹುಳುಕಡ್ಡಿಯ ಕೆಂಪು, ತುರಿಕೆ ಎರಡೂ ಫಂಗಸ್‌ನ ವಿರುದ್ಧ ನಿಮ್ಮ ದೇಹ ಹೋರಾಡುತ್ತಿರುವುದರ ಗುರುತು. ಸ್ಟೆರಾಯ್ಡ್ ಆ ಹೋರಾಟವನ್ನೇ ಅಡಗಿಸುತ್ತದೆ. ತುರಿಕೆ ನಿಂತಿತು ಅಂತ ನಿಮಗೆ ನೆಮ್ಮದಿ. ಒಳಗೆ ಫಂಗಸ್‌ಗೆ ತಡೆಯುವವರಿಲ್ಲದೆ ಹರಡಲು ಅನುಕೂಲ. ಹಚ್ಚುವುದು ನಿಲ್ಲಿಸಿದ ಕೂಡಲೇ ದೇಹ ಎಚ್ಚೆತ್ತು, ಅಷ್ಟರಲ್ಲಿ ದೊಡ್ಡದಾಗಿ ಬೆಳೆದದ್ದರ ಮೇಲೆ ಮುಗಿಬೀಳುತ್ತದೆ. 'ಬಿಟ್ಟರೆ ಹೆಚ್ಚಾಗುತ್ತದೆ' ಅನ್ನುವುದು ಇದೇ. ತಿಂಗಳುಗಟ್ಟಲೆ ಹೀಗೆ ನಡೆದರೆ ಉಂಗುರದ ಅಂಚು ಅಳಿಸಿಹೋಗಿ, ನೋಡಿದ ವೈದ್ಯರಿಗೂ ಗುರುತು ಸಿಗದಂತಾಗುತ್ತದೆ. ತೊಡೆಸಂದಿನ ಚರ್ಮ ತೆಳುವಾಗಿ, ಬಸುರಿಯ ಹೊಟ್ಟೆಯ ಮೇಲಿನ ಗೆರೆಗಳಂಥ ಪಟ್ಟೆಗಳು ಬೀಳುತ್ತವೆ. ಫಂಗಸ್ ವಾಸಿಯಾದರೂ ಆ ಪಟ್ಟೆಗಳು ಅಳಿಯುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೆರಾಯ್ಡ್‌ಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ. ಚೀಟಿ ಇಲ್ಲದೆ ಮಾರುವಂತಿಲ್ಲ. ಮಾರುತ್ತಾರೆ ಅನ್ನುವುದು ನಿಮ್ಮ ಪತ್ರದಿಂದಲೇ ಗೊತ್ತಾಗುತ್ತದೆ. ಹಾಗಾಗಿ ಓದಿ ನೋಡುವ ಹೊಣೆ ಸದ್ಯಕ್ಕೆ ನಿಮ್ಮ ಮೇಲೇ ಬಿದ್ದಿದೆ.

ಇನ್ನು ಚಿಕಿತ್ಸೆ. ಚರ್ಮತಜ್ಞರು ಉಂಗುರದ ಅಂಚಿನಿಂದ ಹೊಟ್ಟು ಕೆರೆದು, ಗಾಜಿನ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅಲ್ಲಿ ಫಂಗಸ್‌ನ ಎಳೆಗಳು ಕವಲೊಡೆದಂತೆ ಕಾಣುತ್ತವೆ. ಸ್ವಲ್ಪ ಹೊತ್ತಿನಲ್ಲಿ ಮುಗಿಯುವ, ಹೆಚ್ಚು ಖರ್ಚಿಲ್ಲದ ಪರೀಕ್ಷೆ. ಇಷ್ಟು ಹಳೆಯದಾದ, ಮನೆಮಂದಿಗೆಲ್ಲ ಹಬ್ಬಿದ ಸೋಂಕು ಬರೀ ಮುಲಾಮಿಗೆ ಜಗ್ಗುವುದಿಲ್ಲ. ಹಿಂದೆ ಟರ್ಬಿನಫಿನ್ ಮಾತ್ರೆ ಎರಡು ವಾರ ಕೊಟ್ಟರೆ ವಾಸಿಯಾಗುತ್ತಿತ್ತು. ಈಗ ನಮ್ಮಲ್ಲಿ ಹಬ್ಬಿರುವ ತಳಿ ಬೇರೆ. 2020ರಲ್ಲಿ ಅದಕ್ಕೆ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಟರ್ಬಿನಫಿನ್ ಹಿಡಿದು ಕೆಲಸ ಮಾಡುವ ಕಿಣ್ವವನ್ನೇ ಈ ತಳಿಯ ಎಷ್ಟೋ ಮಾದರಿಗಳು ಬದಲಾಯಿಸಿಕೊಂಡಿವೆ. ಆದ್ದರಿಂದ ಈಗ ಹೆಚ್ಚಾಗಿ ಇಟ್ರಾಕೊನಜೋಲ್ ದಿನಕ್ಕೆ 200 ಮಿ.ಗ್ರಾಂ.ನಂತೆ, ನಾಲ್ಕರಿಂದ ಎಂಟು ವಾರ, ಕೆಲವರಿಗೆ ಇನ್ನೂ ಹೆಚ್ಚು ದಿನ ಕೊಡಬೇಕಾಗುತ್ತದೆ.

ಈ ಕ್ಯಾಪ್ಸೂಲ್ ಹೊಟ್ಟೆ ತುಂಬ ಊಟ ಮಾಡಿದ ತಕ್ಷಣ ನುಂಗಬೇಕು. ಅದು ಕರಗಲು ಹೊಟ್ಟೆಯ ಆಮ್ಲ ಬೇಕು. ಜೊತೆಗೇ 'ಗ್ಯಾಸ್ ಮಾತ್ರೆ' ಅಂತ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ತೆಗೆದುಕೊಂಡರೆ ಅರ್ಧ ಔಷಧ ಮೈಗೆ ಹತ್ತದೆ ವ್ಯರ್ಥ. ಔಷಧ ಕೆಲಸ ಮಾಡಲಿಲ್ಲ ಎಂದು ಬರುವವರಲ್ಲಿ ಈ ತಪ್ಪನ್ನು ಮೊದಲು ವಿಚಾರಿಸಬೇಕು. ಹೃದಯ ದುರ್ಬಲವಾಗಿರುವವರು, ಕೊಲೆಸ್ಟ್ರಾಲ್‌ಗೆ ಸ್ಟಾಟಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು ಅದನ್ನು ಮೊದಲೇ ಹೇಳಬೇಕು. ಮಗುವಿಗೆ ತೂಕ ನೋಡಿ ಬೇರೆಯೇ ಲೆಕ್ಕ. ನಿಮ್ಮ ಕ್ಯಾಪ್ಸೂಲನ್ನು ಬಿಚ್ಚಿ ಅರ್ಧ ಮಾಡಿ ಕೊಡಬೇಡಿ.

ಸ್ಟೆರಾಯ್ಡ್ ಬಿಟ್ಟ ಮೊದಲ ಹತ್ತು ದಿನ ತುರಿಕೆ, ಕೆಂಪು ಹೆಚ್ಚಾಗುತ್ತದೆ. ಆಗ ಹೆದರಿ ಹಳೆಯ ಟ್ಯೂಬಿಗೆ ಕೈ ಹಾಕಬೇಡಿ, ತುರಿಕೆಗೆ ಸಿಟ್ರಿಜಿನ್‌ನಂಥ ಮಾತ್ರೆ ಸಾಕು. ಸ್ಟೆರಾಯ್ಡ್ ಇಲ್ಲದ ಮುಲಾಮನ್ನು ಉಂಗುರದ ಹೊರಗೆ ಎರಡು ಸೆಂಟಿಮೀಟರ್ ಒಳ್ಳೆಯ ಚರ್ಮದಿಂದ ಶುರುಮಾಡಿ ಒಳಕ್ಕೆ ಸವರಿ. ಎಲ್ಲ ಮಾಯವಾದ ಮೇಲೂ ಎರಡು ವಾರ ಮುಂದುವರಿಸಿ.

ಇನ್ನೊಂದು ಮಾತು. ಸೊಂಟದ ಸುತ್ತ ಆಗಿದೆ ಎಂದಿದ್ದೀರಿ. ಉಡಿದಾರ ಕಟ್ಟಿದ್ದೀರಾ? ಮಗನಿಗೂ ಕಟ್ಟಿರಬಹುದು. ಬೆವರು ಹೀರಿ ಸದಾ ಹಸಿಯಾಗಿರುವ ಆ ದಾರದಲ್ಲೇ ಫಂಗಸ್ ಉಳಿದುಕೊಂಡು ಮತ್ತೆ ಮತ್ತೆ ಹಚ್ಚುತ್ತದೆ. ಚಿಕಿತ್ಸೆ ಮುಗಿಯುವವರೆಗೆ ತೆಗೆದಿಡಿ, ಆಮೇಲೆ ಹೊಸದು ಕಟ್ಟಿ. ಜೀನ್ಸ್ ಬಿಟ್ಟು ಪಂಚೆ ಅಥವಾ ಸಡಿಲ ಹತ್ತಿಯ ಪೈಜಾಮ ಉಡಿ. ಒಬ್ಬೊಬ್ಬರಿಗೆ ಒಂದೊಂದು ಟವೆಲ್ ಇರಲಿ. ಒಳಬಟ್ಟೆ, ಹಾಸಿಗೆ ಹೊದಿಕೆಯನ್ನು 60 ಡಿಗ್ರಿಯಷ್ಟು ಬಿಸಿನೀರಲ್ಲಿ ಒಗೆದು, ಒಳಮಗ್ಗುಲು ಮೇಲೆ ಮಾಡಿ ಬಿಸಿಲಿಗೆ ಹಾಕಿ. ಮೂವರೂ ಒಟ್ಟಿಗೇ ಚಿಕಿತ್ಸೆ ಶುರುಮಾಡಬೇಕು. ಇಲ್ಲದಿದ್ದರೆ ಒಬ್ಬರಿಗೆ ವಾಸಿಯಾಗುವ ಹೊತ್ತಿಗೆ ಇನ್ನೊಬ್ಬರಿಂದ ವಾಪಸು ಬರುತ್ತದೆ.

ಪ್ರಶ್ನೆ: 'ತೆಳುವಾಗಿ ಹಚ್ಚಿ' ಅನ್ನುತ್ತೀರಿ. ತೆಳು ಅಂದರೆ ಎಷ್ಟು? ಹುಳುಕಡ್ಡಿಗೆ ತಂದ 15 ಗ್ರಾಂ ಟ್ಯೂಬ್ ನನಗೆ ಎರಡು ತಿಂಗಳು ಬಂತು.
— ನಿವೃತ್ತ ಶಿಕ್ಷಕರು, ಗದಗ

ಉತ್ತರ: ಒಳ್ಳೆಯ ಪ್ರಶ್ನೆ ಸರ್, ಚೀಟಿಯಲ್ಲಿ ಬರೆದುಕೊಡಬೇಕಾದದ್ದು ಇದು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಟ್ಯೂಬಿನಿಂದ ಒಂದು ಎಳೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅಷ್ಟು ಮುಲಾಮು ಬೆರಳುಗಳೂ ಸೇರಿ ಎರಡು ಅಂಗೈ ಅಗಲದ ಚರ್ಮಕ್ಕೆ ಸರಿಹೋಗುತ್ತದೆ. ನಿಮ್ಮ ಮಚ್ಚೆಗಳೆಲ್ಲ ಸೇರಿ ನಾಲ್ಕು ಅಂಗೈ ಅಗಲ ಇದೆ ಎಂದುಕೊಳ್ಳಿ. ಒಂದು ಹೊತ್ತಿಗೆ ಎರಡು ಎಳೆ, ದಿನಕ್ಕೆ ಎರಡು ಹೊತ್ತು, ಅಲ್ಲಿಗೆ ಎರಡು ಗ್ರಾಂ. 15 ಗ್ರಾಂ ಟ್ಯೂಬ್ ಒಂದು ವಾರಕ್ಕೆ ಖಾಲಿಯಾಗಬೇಕು. ಅಷ್ಟು ಜಾಗಕ್ಕೆ ಅದು ಎರಡು ತಿಂಗಳು ಬಂದಿದ್ದರೆ ನೀವು ಹಚ್ಚಿದ್ದು ಬೇಕಾದ್ದರ ಎಂಟನೇ ಒಂದು ಭಾಗ. ಫಂಗಸ್ ಸಾಯದೆ ಔಷಧಕ್ಕೆ ಒಗ್ಗಿಕೊಳ್ಳಲು ಅದು ಸಾಕು.

ಪ್ರಶ್ನೆ: ನನಗೆ 34 ವರ್ಷ. ಎರಡನೇ ಹೆರಿಗೆಯ ನಂತರ ಕೆನ್ನೆ ಮೇಲೆ ಬಂಗು ಬಂತು. ಪರಿಚಯದವರು ಹೇಳಿದ ಕ್ರೀಮ್ ಹಚ್ಚಿದೆ, ತಿಂಗಳಲ್ಲಿ ಮುಖ ಬೆಳ್ಳಗಾಯಿತು. ಎರಡು ವರ್ಷದಿಂದ ಮುಖಕ್ಕೆಲ್ಲ ದಿನಾ ಹಚ್ಚುತ್ತಿದ್ದೇನೆ. ಈಗ ಒಂದು ರಾತ್ರಿ ಬಿಟ್ಟರೂ ಉರಿ, ಕೆಂಪು, ಸಣ್ಣ ಗುಳ್ಳೆ. ಬಿಸಿಲಿಗೆ ಹೋಗಲಾಗುತ್ತಿಲ್ಲ. ಗಲ್ಲದಲ್ಲಿ ಕೂದಲೂ ಬರುತ್ತಿದೆ.
— ಗೃಹಿಣಿ, ಮಂಡ್ಯ

ಉತ್ತರ: ಅಮ್ಮಾ, ನೀವು ಹೇಳುವ ಲಕ್ಷಣಗಳೆಲ್ಲ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಜೊತೆಗೆ ಮೊಮೆಟಾಸೋನ್ ಅಥವಾ ಫ್ಲೂಸಿನೊಲೋನ್ ಎಂಬ ಸ್ಟೆರಾಯ್ಡ್ ಬೆರೆಸಿದ ಕ್ರೀಮಿನವು. ಟ್ಯೂಬ್ ನೋಡಿ ಖಚಿತಮಾಡಿಕೊಳ್ಳಿ. ಅದು ಬಂಗಿಗೆ ನಿಜವಾದ ಔಷಧವೇ. ಆದರೆ ರಾತ್ರಿ ಹೊತ್ತು, ಬಂಗಿನ ಮಚ್ಚೆಗೆ ಮಾತ್ರ, ಎಂಟು ವಾರ, ಹೆಚ್ಚೆಂದರೆ ಹನ್ನೆರಡು ವಾರ, ವೈದ್ಯರು ನೋಡುತ್ತಿರುವಾಗ ಹಚ್ಚುವ ಔಷಧ. ಮುಖ ಬೆಳ್ಳಗೆ ಮಾಡಿಕೊಳ್ಳಲು ವರ್ಷಗಟ್ಟಲೆ ಹಚ್ಚುವುದಲ್ಲ. ಚರ್ಮ ತೆಳುವಾಗಿದೆ, ಒಳಗಿನ ರಕ್ತನಾಳ ಹಿಗ್ಗಿವೆ, ಅದಕ್ಕೇ ಉರಿ ಮತ್ತು ಕೆಂಪು. ಕೂದಲೂ ಸ್ಟೆರಾಯ್ಡ್‌ನದೇ ಕೊಡುಗೆ. ಹೈಡ್ರೊಕ್ವಿನೋನ್ ಹೀಗೆ ವರ್ಷಗಟ್ಟಲೆ ಮುಂದುವರಿದರೆ ಕೆನ್ನೆಯ ಮೇಲೆ ನೀಲಿಗಪ್ಪು ಚುಕ್ಕೆಗಳು ಬೀಳುವ ಅಪಾಯವೂ ಇದೆ. ಅವನ್ನು ತೆಗೆಯುವುದು ಬಂಗು ತೆಗೆಯುವುದಕ್ಕಿಂತ ಕಷ್ಟ.

ನಿಲ್ಲಿಸಲೇಬೇಕು. ಎರಡು ವರ್ಷ ಹಚ್ಚಿದವರಿಗೆ ಸಾಮಾನ್ಯವಾಗಿ ಒಂದೇ ಸಲ ಬಿಡಿಸದೆ, ಹೈಡ್ರೊಕಾರ್ಟಿಸೋನ್‌ನಂಥ ಸೌಮ್ಯ ಸ್ಟೆರಾಯ್ಡ್‌ಗೆ ಇಳಿಸಿ, ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆರಡು ಸಲ ಮಾಡಿ ಬಿಡಿಸುತ್ತಾರೆ. ಜೊತೆಗೆ ಸ್ಟೆರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ ಮುಲಾಮು. ಇದು ಮೊದಲ ವಾರ ಚುರುಗುಟ್ಟುತ್ತದೆ. ಮುಖ ತೊಳೆದು ಹದಿನೈದು ಇಪ್ಪತ್ತು ನಿಮಿಷ ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಕಡಿಮೆ. ಗುಳ್ಳೆ ಜಾಸ್ತಿಯಿದ್ದರೆ ಡಾಕ್ಸಿಸೈಕ್ಲಿನ್ ಮಾತ್ರೆ ಕೆಲವು ವಾರ ಬೇಕಾಗುತ್ತದೆ. ಮಗುವಿಗೆ ಹಾಲುಣಿಸುತ್ತಿದ್ದರೆ ಮೊದಲೇ ತಿಳಿಸಿ. ಮುಖ ತಹಬಂದಿಗೆ ಬರಲು ತಿಂಗಳುಗಳು ಹಿಡಿಯುತ್ತವೆ. ಮಧ್ಯದಲ್ಲಿ ಒಂದೆರಡು ಸಲ ಕೆರಳಿಯೇ ಕೆರಳುತ್ತದೆ. ಆ ವಾರಗಳಲ್ಲಿ ಕೈಬಿಡದೆ ಇರುವುದೇ ಈ ಚಿಕಿತ್ಸೆಯ ಕಷ್ಟದ ಭಾಗ, ಮನೆಯವರು ಅದನ್ನು ತಿಳಿದಿರಬೇಕು. ನಿಂಬೆರಸ, ಅಡುಗೆ ಸೋಡಾ, ಬ್ಲೀಚ್, ಫೇಶಿಯಲ್, ಸ್ಕ್ರಬ್ ಯಾವುದೂ ಬೇಡ. ವಾಸನೆಯಿಲ್ಲದ ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಎರಡೇ ಸಾಕು.

ಸನ್‌ಸ್ಕ್ರೀನ್ ಬಂಗಿಗೆ ಅರ್ಧ ಚಿಕಿತ್ಸೆ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ ಹಿಂಡಿ, ಅಷ್ಟೂ ಮುಖ ಮತ್ತು ಕುತ್ತಿಗೆಗೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಹೀಗೆ ಹಚ್ಚಿದರೆ 50 ಗ್ರಾಂ ಟ್ಯೂಬ್ ತಿಂಗಳೊಳಗೆ ಮುಗಿಯುತ್ತದೆ. ಕಡಲೆಕಾಳಿನಷ್ಟು ಹಚ್ಚಿದರೆ ಡಬ್ಬಿ ಮೇಲೆ ಎಸ್‌ಪಿಎಫ್ 50 ಎಂದು ಬರೆದಷ್ಟು ಬಿಸಿಲ ರಕ್ಷಣೆ ನಿಮಗೆ ಸಿಗುವುದಿಲ್ಲ. ಬಂಗು ನೇರಳಾತೀತ ಕಿರಣಕ್ಕೆ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕಿಗೂ ಗಾಢವಾಗುತ್ತದೆ. ಅದಕ್ಕೇ ಕಬ್ಬಿಣದ ಆಕ್ಸೈಡ್ ಇರುವ, ಮೈಬಣ್ಣದ ಸನ್‌ಸ್ಕ್ರೀನ್ ಆರಿಸಿ.

ಮುಖ ಸುಧಾರಿಸಿದ ಮೇಲೆ ಬಂಗಿಗೆ ಅಜೆಲಾಯಿಕ್ ಆಮ್ಲದ ಕ್ರೀಮ್ ಇದೆ. ಅದು ಗರ್ಭಿಣಿಯರಿಗೂ ಆಗಬಹುದಾದದ್ದು. ಟ್ರಾನೆಕ್ಸಾಮಿಕ್ ಆಮ್ಲದ 250 ಮಿ.ಗ್ರಾಂ. ಮಾತ್ರೆ ದಿನಕ್ಕೆರಡು, ಎಂಟರಿಂದ ಹನ್ನೆರಡು ವಾರ ಕೊಡುವುದುಂಟು. ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದವರಿಗೆ, ಗರ್ಭನಿರೋಧಕ ಹಾರ್ಮೋನ್ ಮಾತ್ರೆ ನುಂಗುವವರಿಗೆ ಇದು ಬೇಡ. ಆ ಹಾರ್ಮೋನ್ ಮಾತ್ರೆಯೇ ಬಂಗನ್ನು ಹೆಚ್ಚಿಸುತ್ತದೆ ಕೂಡ. ಗ್ಲೈಕೋಲಿಕ್ ಪೀಲ್ (ಆಮ್ಲ ಸವರಿ ಚರ್ಮದ ಮೇಲ್ಪದರ ಸುಲಿಸುವುದು) ಎರಡು ಮೂರು ವಾರದ ಅಂತರದಲ್ಲಿ, ಕಡಿಮೆ ಸಾಂದ್ರತೆಯಿಂದ ಶುರುಮಾಡಬಹುದು, ಈಗಲ್ಲ. ಲೇಸರ್ ಕೊನೆಯ ಆಯ್ಕೆ. ನಮ್ಮ ಮೈಬಣ್ಣಕ್ಕೆ ಲೇಸರ್ ಬಿಸಿಯಿಂದಲೇ ಬಂಗು ಮರುಕಳಿಸಿ ಮೊದಲಿಗಿಂತ ಗಾಢವಾಗುವುದು ಸಾಮಾನ್ಯ. ಮೊದಲ ಭೇಟಿಯಲ್ಲೇ ಬಂಗಿಗೆ ಲೇಸರ್ ಪ್ಯಾಕೇಜ್ ಬರೆಯುವಲ್ಲಿ ದುಡ್ಡು ಕಟ್ಟಬೇಡಿ.

ಪ್ರಶ್ನೆ: ತಂದೆಗೆ 58, ಹೊಲದ ಕೆಲಸ. ಮುಖ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ಚರ್ಮ ಕಪ್ಪಾಗಿ ದಪ್ಪಗಾಗಿದೆ, ರಾತ್ರಿ ಎಲ್ಲ ತುರಿಕೆ. ಬಿಸಿಲಿನ ಅಲರ್ಜಿ ಎಂದು ಇಂಜೆಕ್ಷನ್ ಕೊಡುತ್ತಾರೆ. ಹದಿನೈದು ದಿನ ಚೆನ್ನಾಗಿದ್ದು ಮತ್ತೆ ಬರುತ್ತದೆ.
— ಓದುಗ, ಚಿತ್ರದುರ್ಗ ಜಿಲ್ಲೆ

ಉತ್ತರ: ಒಂದು ಸಂಗತಿ ನೋಡಿ ಹೇಳಿ. ಅವರ ಕಣ್ಣಿನ ರೆಪ್ಪೆ, ಕಿವಿಯ ಹಿಂದೆ, ಗಲ್ಲದ ಕೆಳಗೆ ಕೂಡ ಆಗಿದೆಯೇ? ಬಿಸಿಲಿನ ಅಲರ್ಜಿ ಬಿಸಿಲು ಬೀಳುವಲ್ಲಿ ಮಾತ್ರ ಬರುತ್ತದೆ. ಗಲ್ಲದ ನೆರಳಿರುವ ಜಾಗವನ್ನು, ಕಿವಿಯ ಹಿಂಭಾಗವನ್ನು ಬಿಟ್ಟುಬಿಡುತ್ತದೆ. ಗಾಳಿಯಲ್ಲಿ ತೂರಿಬರುವ ಧೂಳು ಆ ಸಂದುಗಳಲ್ಲೇ ಕೂರುತ್ತದೆ. ಅಲ್ಲೂ ಆಗಿದ್ದರೆ ಪಾರ್ಥೇನಿಯಂ, ನಮ್ಮ ರೈತರು ಕಾಂಗ್ರೆಸ್ ಗಿಡ ಅನ್ನುವ ಕಳೆಯ ಅಲರ್ಜಿ ಎಂದು ಬಲವಾಗಿ ಅನುಮಾನಿಸಬೇಕು. 1950ರ ದಶಕದಲ್ಲಿ ಪುಣೆಯಲ್ಲಿ ಕಂಡ ಈ ಗಿಡ ಇಂದು ನಮ್ಮ ಬಯಲುಸೀಮೆಯ ಬೀಳು, ರಸ್ತೆಬದಿಯಲ್ಲೆಲ್ಲ ಇದೆ. 1984ರಲ್ಲಿ ಇದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಟ್ಟರೂ ಗಿಡ ನಿರ್ಮೂಲವಾಗಲಿಲ್ಲ.

ಪ್ಯಾಚ್ ಟೆಸ್ಟ್ ಮಾಡಿಸಿ. ಬೆನ್ನಿಗೆ ಸಣ್ಣ ಬಿಲ್ಲೆಗಳಲ್ಲಿ ಅಲರ್ಜಿಕಾರಕ ಪದಾರ್ಥ ಅಂಟಿಸಿ 48 ಗಂಟೆ ಬಿಡುತ್ತಾರೆ. ತೆಗೆದಾಗ ಒಮ್ಮೆ, ಇನ್ನೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಆ ದಿನಗಳಲ್ಲಿ ಬೆನ್ನು ಒದ್ದೆ ಮಾಡಬಾರದು, ಬೆವರುವ ಕೆಲಸ ಬೇಡ. ಈಗ ಕೊಡುತ್ತಿರುವುದು ದೀರ್ಘಕಾಲದ ಸ್ಟೆರಾಯ್ಡ್ ಇಂಜೆಕ್ಷನ್ ಇರಬಹುದು. ಅದರ ಪ್ರಭಾವದಲ್ಲಿ ಮಾಡಿದ ಟೆಸ್ಟ್ ಸುಳ್ಳು ಫಲಿತಾಂಶ ಕೊಡುತ್ತದೆ, ಹಾಗಾಗಿ ಎಷ್ಟು ಇಂಜೆಕ್ಷನ್ ಯಾವಾಗ ಆಯಿತು ಎಂಬುದನ್ನು ಬರೆದುಕೊಂಡು ಹೋಗಿ. ಅದನ್ನೇ ಹದಿನೈದು ದಿನಕ್ಕೊಮ್ಮೆ ಕೊಡುತ್ತಾ ಹೋದರೆ ಈ ವಯಸ್ಸಿನಲ್ಲಿ ಸಕ್ಕರೆ, ರಕ್ತದೊತ್ತಡ ಏರುತ್ತದೆ, ಮೂಳೆ ಸವೆಯುತ್ತದೆ.

ಖಚಿತವಾದರೆ ಕೆಲವು ವಾರ ಸ್ಟೆರಾಯ್ಡ್ ಕೊಟ್ಟು ಕೆರಳಿಕೆ ಇಳಿಸಿ, ಜೊತೆಯಲ್ಲೇ ಅಜಾಥಯೊಪ್ರಿನ್ ಮಾತ್ರೆ ಶುರುಮಾಡುವುದು ರೂಢಿ. ಅದು ಕೆಲಸ ಮಾಡಲು ಆರರಿಂದ ಎಂಟು ವಾರ ಬೇಕು. ರಕ್ತಕಣಗಳ ಎಣಿಕೆ, ಲಿವರ್ ಪರೀಕ್ಷೆ ಮೊದಲೊಮ್ಮೆ, ಆಮೇಲೆ ಆರಂಭದ ದಿನಗಳಲ್ಲಿ ಎರಡು ವಾರಕ್ಕೊಮ್ಮೆ ಮಾಡಿಸಲೇಬೇಕು. ಕೆಲವರಿಗೆ ಬಿಳಿರಕ್ತಕಣ ಏಕಾಏಕಿ ಕುಸಿಯುತ್ತದೆ. ಜ್ವರ ಅಥವಾ ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಿ.

ಗಿಡ ಕೀಳುವ ಕೆಲಸ ಅವರಿಗೆ ಬೇಡ, ಮನೆಯ ಬೇರೆಯವರು ಹೂ ಬಿಡುವ ಮೊದಲೇ ಕೈಗವಸು ಹಾಕಿ ಕೀಳಲಿ. ಒಣಗಿದ ಗಿಡದ ಪುಡಿಯಲ್ಲೂ ಅಲರ್ಜಿಯ ಅಂಶ ಇರುತ್ತದೆ. ತುಂಬುತೋಳು, ತಲೆಗೆ ಟವೆಲ್, ಹೊಲದಿಂದ ಬಂದ ಕೂಡಲೇ ಸ್ನಾನ, ಆ ಬಟ್ಟೆ ಮಲಗುವ ಕೋಣೆಗೆ ಬೇಡ. ಸೇವಂತಿಗೆ, ಚೆಂಡುಹೂ, ಸೂರ್ಯಕಾಂತಿ ಇದೇ ಕುಟುಂಬದವು. ಕೆಲವರಿಗೆ ಅವುಗಳಿಂದಲೂ ಕೆರಳುತ್ತದೆ. ಸೇವಂತಿಗೆ ಬೆಳೆಯುತ್ತಿದ್ದರೆ ಅದನ್ನೂ ಟೆಸ್ಟಿನಲ್ಲಿ ಸೇರಿಸಲು ಹೇಳಿ.

ಪ್ರಶ್ನೆ: ವಯಸ್ಸು 23. ಗಲ್ಲ, ದವಡೆಯಲ್ಲಿ ದಪ್ಪ ಕೂದಲು. ಪ್ರತಿ ವಾರ ಥ್ರೆಡಿಂಗ್. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ. 'ಲೇಸರ್‌ನಲ್ಲಿ ಶಾಶ್ವತವಾಗಿ ತೆಗೆಯುತ್ತೇವೆ, ಆರು ಸಿಟ್ಟಿಂಗ್' ಅನ್ನುತ್ತಾರೆ. ನಂಬಬಹುದಾ?
— ಹೆಸರು ಬೇಡ, ಬೆಂಗಳೂರು

ಉತ್ತರ: ಮುಟ್ಟಿನ ಏರುಪೇರು ಮೊದಲು ನೋಡಿಸಿಕೊಳ್ಳಿ. ಟೆಸ್ಟೊಸ್ಟೆರೋನ್, ಪ್ರೊಲ್ಯಾಕ್ಟಿನ್, ಥೈರಾಯ್ಡ್, ಸಕ್ಕರೆ ಪರೀಕ್ಷೆ, ಹೊಟ್ಟೆಯ ಸ್ಕ್ಯಾನ್. ಪಿಸಿಒಎಸ್ (ಹಾರ್ಮೋನ್ ಏರುಪೇರಿನ ಅಂಡಾಶಯದ ತೊಂದರೆ) ಇದ್ದು ಅದಕ್ಕೆ ಚಿಕಿತ್ಸೆಯಿಲ್ಲದೆ ಲೇಸರ್ ಮಾಡಿಸಿದರೆ, ಸುಟ್ಟ ಬೇರಿನ ಪಕ್ಕದಲ್ಲೇ ಹೊಸ ಕೂದಲು ದಪ್ಪಗಾಗುತ್ತಾ ಹೋಗುತ್ತದೆ. ಲೇಸರ್‌ನಿಂದ ಕೂದಲು ಗಣನೀಯವಾಗಿ ಕಡಿಮೆಯಾಗುತ್ತದೆ, ತೆಳುವಾಗುತ್ತದೆ. ಒಂದೂ ಉಳಿಯದಂತೆ ಶಾಶ್ವತವಾಗಿ ಹೋಗುತ್ತದೆ ಅನ್ನುವ ಮಾತು ಸರಿಯಲ್ಲ. ಮುಖಕ್ಕೆ ನಾಲ್ಕರಿಂದ ಆರು ವಾರದ ಅಂತರದಲ್ಲಿ ಆರರಿಂದ ಎಂಟು ಸಿಟ್ಟಿಂಗ್, ಪಿಸಿಒಎಸ್ ಇದ್ದರೆ ಆಮೇಲೂ ಕೆಲವು ತಿಂಗಳಿಗೊಮ್ಮೆ ಒಂದೊಂದು ಬೇಕಾಗುತ್ತದೆ.

ಲೇಸರ್ ಹುಡುಕುವುದು ಕೂದಲಿನ ಕಪ್ಪು ಬಣ್ಣವನ್ನು. ಬೇರಿನಲ್ಲಿ ಕೂದಲೇ ಇಲ್ಲದಿದ್ದರೆ ಅದಕ್ಕೆ ಗುರಿಯಿಲ್ಲ. ಆದ್ದರಿಂದ ನಾಲ್ಕು ವಾರ ಮುಂಚಿನಿಂದ ಥ್ರೆಡಿಂಗ್, ವ್ಯಾಕ್ಸ್, ಕೀಳುವುದು ಎಲ್ಲ ನಿಲ್ಲಿಸಿ. ಆ ಅವಧಿಯಲ್ಲಿ ಶೇವ್ ಮಾಡಬಹುದು. ಶೇವ್ ಮಾಡಿದರೆ ಕೂದಲು ದಪ್ಪ ಬರುವುದಿಲ್ಲ. ಬೆಳ್ಳಗಾದ ಕೂದಲಿಗೆ ಲೇಸರ್ ನಾಟುವುದಿಲ್ಲ. ಚರ್ಮದಲ್ಲೂ ಅದೇ ಕಪ್ಪು ವರ್ಣ ಇರುವುದರಿಂದ ನಮ್ಮಂಥ ಮೈಬಣ್ಣದವರಿಗೆ ಸುಡುವ ಅಪಾಯ ಹೆಚ್ಚು. 1064 ನ್ಯಾನೊಮೀಟರ್‌ನ ಲಾಂಗ್ ಪಲ್ಸ್ ಎನ್‌ಡಿ ಯಾಗ್ ಎಂಬ ಲೇಸರ್ ಎಲ್ಲಕ್ಕಿಂತ ಸುರಕ್ಷಿತ. 810ರ ಆಸುಪಾಸಿನ ಡಯೋಡ್ ಕೂಡ ಸರಿಯಾದ ಸೆಟ್ಟಿಂಗ್‌ನಲ್ಲಿ ನಡೆಯುತ್ತದೆ. ಯಾವ ಯಂತ್ರ, ಹ್ಯಾಂಡ್‌ಪೀಸ್ ಹಿಡಿಯುವವರು ಯಾರು, ಸುಟ್ಟರೆ ನೋಡುವ ವೈದ್ಯರು ಅಲ್ಲೇ ಇರುತ್ತಾರಾ ಎಂದು ಕೇಳಿ. ಗೋಡೆಯ ಮೇಲೆ ಕೆಪಿಎಂಇ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ, ವೈದ್ಯರ ಪದವಿಯಲ್ಲಿ ಚರ್ಮರೋಗದ ಎಂ.ಡಿ., ಡಿ.ಎನ್.ಬಿ. ಅಥವಾ ಡಿಪ್ಲೊಮಾ ಇದೆಯೇ ನೋಡಿ. ದವಡೆಯ ಕೆಳಗೆ ಒಂದೆರಡು ಹೊಡೆತ ಕೊಟ್ಟು ಪರೀಕ್ಷಿಸಿದ ಮೇಲೆಯೇ ಪೂರ್ತಿ ಮಾಡಿಸಿ.

ಹೊಡೆತಕ್ಕೆ ರಬ್ಬರ್‌ಬ್ಯಾಂಡ್ ಚಟೀರೆಂದು ಬಡಿದಷ್ಟು ನೋವಾಗುತ್ತದೆ. ಕೂದಲಿನ ಬುಡದಲ್ಲಿ ಕೆಂಪಾಗಿ ಸಣ್ಣಗೆ ಊದಿ ಒಂದು ದಿನದೊಳಗೆ ಇಳಿಯುವುದು ಸಹಜ. ಬೊಬ್ಬೆ ಬಂದರೆ ಅದು ಸುಟ್ಟಗಾಯ. ಬಿಸಿಲಿನಲ್ಲಿ ಕಪ್ಪಾದ ಚರ್ಮದ ಮೇಲೆ ಮಾಡಿದರೆ, ಶಕ್ತಿ ಜಾಸ್ತಿ ಇಟ್ಟರೆ, ತಂಪು ಮಾಡುವ ತುದಿ ಕೆಲಸ ಮಾಡದಿದ್ದರೆ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೊಡೆದರೆ ಹೀಗಾಗುತ್ತದೆ. ತಣ್ಣೀರ ಬಟ್ಟೆ ಇಡಿ, ಬೊಬ್ಬೆ ಒಡೆಯಬೇಡಿ, ಅಂದೇ ತೋರಿಸಿ. ದವಡೆಯ ಅಂಚಿನ ನವಿರು ಕೂದಲಿಗೆ ಲೇಸರ್ ಬೇಡವೆನ್ನಿ. ಕೆಲವರಲ್ಲಿ ಅದು ಲೇಸರ್‌ನಿಂದಲೇ ಕಪ್ಪಾಗಿ ಬೆಳೆಯತೊಡಗುತ್ತದೆ.

ಪ್ರಶ್ನೆ: ಮಗಳ ಮದುವೆಗೆ ಒಂದು ತಿಂಗಳಿದೆ. ಬೆಳ್ಳಗಾಗಲು ಗ್ಲುಟಾಥಯೋನ್ ಡ್ರಿಪ್ ಹಾಕಿಸಬಹುದೇ?
— ತಾಯಿ, ಮೈಸೂರು

ಉತ್ತರ: ಬೇಡ. ಬಣ್ಣ ಬಿಳುಪು ಮಾಡಲು ಆ ಇಂಜೆಕ್ಷನ್‌ಗೆ ನಮ್ಮ ದೇಶದಲ್ಲಿ ಅನುಮತಿಯಿಲ್ಲ. ಜೀವಕ್ಕೆ ಅಪಾಯವಾಗುವ ಅಲರ್ಜಿಯೂ ಆಗಬಹುದು. ಒಂದು ತಿಂಗಳೊಳಗೆ ಮೊದಲ ಬಾರಿಗೆ ಪೀಲ್, ಹೊಸ ಕ್ರೀಮ್, ಬ್ಲೀಚ್ ಕೂಡ ಬೇಡ. ಸುಟ್ಟು ಕಪ್ಪಾದರೆ ತಿಳಿಯಾಗಲು ತಿಂಗಳುಗಳೇ ಬೇಕು. ಮಗಳ ಬಣ್ಣ ಚೆನ್ನಾಗಿಯೇ ಇದೆ. ಸನ್‌ಸ್ಕ್ರೀನ್, ಮಾಯಿಶ್ಚರೈಸರ್, ನಿದ್ದೆ ಸಾಕು.

ಪ್ರಶ್ನೆ: ಮಗ ಇಂಜಿನಿಯರಿಂಗ್ ವಿದ್ಯಾರ್ಥಿ, 55 ಕೆ.ಜಿ. ಮುಖ, ಬೆನ್ನಿನ ತುಂಬ ಗಂಟು ಮೊಡವೆ, ಗುಳಿ ಬೀಳುತ್ತಿವೆ. ಐಸೊಟ್ರೆಟಿನಾಯಿನ್ ಬರೆದಿದ್ದಾರೆ. ಮುಂದೆ ಮಕ್ಕಳಾಗುವುದಿಲ್ಲ ಅಂತ ಹೇಳುತ್ತಾರೆ, ನಿಜವೇ?
— ತಾಯಿ, ಹುಬ್ಬಳ್ಳಿ

ಉತ್ತರ: ನಿಜವಲ್ಲ. ಗಂಡಸರ ಸಂತಾನಶಕ್ತಿಗೆ ಇದರಿಂದ ಶಾಶ್ವತ ತೊಂದರೆಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆ ಹೆದರಿಕೆ ಹುಟ್ಟಿದ್ದು ಇನ್ನೊಂದು ನಿಜದಿಂದ. ಹೆಣ್ಣುಮಕ್ಕಳು ಈ ಮಾತ್ರೆ ನುಂಗುವಾಗ ಗರ್ಭ ಧರಿಸಿದರೆ ಮಗುವಿಗೆ ಘೋರ ಅಂಗದೋಷಗಳಾಗುತ್ತವೆ. ಶುರುಮಾಡುವ ಒಂದು ತಿಂಗಳ ಮೊದಲಿನಿಂದ ನಿಲ್ಲಿಸಿ ಒಂದು ತಿಂಗಳಾಗುವವರೆಗೆ ಗರ್ಭ ನಿಲ್ಲಬಾರದು. ಆಮೇಲೆ ತೊಂದರೆಯಿಲ್ಲ. ನಿಮ್ಮ ಮಗ ಈ ಅವಧಿಯಲ್ಲಿ ರಕ್ತದಾನ ಮಾಡಬಾರದು ಅನ್ನುವುದೂ ಇದಕ್ಕೇ. ಆ ರಕ್ತ ಬಸುರಿಗೆ ಹೋಗಬಹುದು.

ಗುಳಿ ಬೀಳುವ ಮೊಡವೆಗೆ ತಡಮಾಡುವುದು ತಪ್ಪು. ಲೆಕ್ಕ ಹೀಗೆ: ಕಿಲೋಗೆ ಒಟ್ಟು 120 ಮಿ.ಗ್ರಾಂ. ಅಂದರೆ ನಿಮ್ಮ ಮಗನಿಗೆ 6,600. ದಿನಕ್ಕೆ 30 ಮಿ.ಗ್ರಾಂ. ಆದರೆ ಏಳು ತಿಂಗಳಿಗಿಂತ ಸ್ವಲ್ಪ ಹೆಚ್ಚು, 20 ಆದರೆ ಹನ್ನೊಂದು ತಿಂಗಳು. ಮೂರು ತಿಂಗಳಿಗೆ ಮುಖ ತಿಳಿಯಾಯಿತೆಂದು ಬಿಟ್ಟವರಿಗೆ ಮೊಡವೆ ಮರಳಿ ಬರುವ ಸಂಭವ ಹೆಚ್ಚು. ತುಪ್ಪ, ಹಾಲು, ಮೊಟ್ಟೆ ಏನಾದರೂ ಜಿಡ್ಡಿರುವ ಊಟದ ಜೊತೆ ನುಂಗಬೇಕು, ಖಾಲಿ ಹೊಟ್ಟೆಯಲ್ಲಿ ಮೈಗೆ ಹತ್ತುವುದಿಲ್ಲ. ಮೊದಲ ತಿಂಗಳು ಮೊಡವೆ ಹೆಚ್ಚಾಗಬಹುದು. ತುಟಿ ಒಡೆಯುವುದು ಎಲ್ಲರಿಗೂ ಇದ್ದದ್ದೇ, ವ್ಯಾಸಲಿನ್ ಜೇಬಿನಲ್ಲಿರಲಿ. ವಿಟಮಿನ್ ಎ ಮಾತ್ರೆ, ಡಾಕ್ಸಿಸೈಕ್ಲಿನ್ ಜೊತೆಗೆ ಬೇಡವೇ ಬೇಡ. ಲಿವರ್, ಟ್ರೈಗ್ಲಿಸರೈಡ್ ಪರೀಕ್ಷೆ ಮೊದಲು ಮತ್ತು ಒಂದೆರಡು ತಿಂಗಳಿಗೆ. ಹುಡುಗ ಹಾಸ್ಟೆಲ್‌ನಲ್ಲಿದ್ದರೆ ಆಗಾಗ ಮಾತಾಡಿಸಿ. ಮಂಕಾಗಿದ್ದಾನೆ ಅನ್ನಿಸಿದರೆ ವೈದ್ಯರಿಗೆ ತಿಳಿಸಿ.

ಪ್ರಶ್ನೆ: ಚಿಕೂನ್‌ಗುನ್ಯಾ ವಾಸಿಯಾದ ಮೇಲೆ ಮೂಗು ಕಪ್ಪಾಗಿದೆ. ಹೋಗುತ್ತದೆಯೇ?
— ಓದುಗರು, ಬೆಳಗಾವಿ

ಉತ್ತರ: ಹೋಗುತ್ತದೆ. ಆ ಜ್ವರದ ನಂತರ ಮೂಗಿನ ತುದಿ, ಕೆನ್ನೆ ಕಪ್ಪಾಗುವುದು ವೈದ್ಯರಿಗೆ ಗೊತ್ತಿರುವ ಲಕ್ಷಣ. ಕೆಲವು ತಿಂಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ಸನ್‌ಸ್ಕ್ರೀನ್ ಹಚ್ಚಿ, ಉಜ್ಜಬೇಡಿ.

ಪ್ರಶ್ನೆ: ಸ್ಟಿಕ್ಕರ್ ಬಿಂದಿ ಇಡುವ ಜಾಗ ಬೆಳ್ಳಗಾಗಿದೆ. ತೊನ್ನು ಶುರುವಾಯಿತೇ ಅಂತ ಭಯ.
— ಶಿಕ್ಷಕಿ, ಶಿವಮೊಗ್ಗ

ಉತ್ತರ: ಬಿಳುಪು ಸ್ಟಿಕ್ಕರ್‌ನ ಅಳತೆಗೇ ಇದ್ದರೆ ಅದರ ಅಂಟಿನ ರಾಸಾಯನಿಕದ ಕೆಲಸ ಇರಬೇಕು. ಪ್ಯಾರಾ ಟರ್ಶರಿ ಬ್ಯುಟೈಲ್ ಫೀನಾಲ್ ಎಂಬುದು ಬಣ್ಣ ತಯಾರಿಸುವ ಜೀವಕೋಶಗಳನ್ನೇ ಕೊಲ್ಲುತ್ತದೆ. ಬ್ರ್ಯಾಂಡ್ ಬದಲಾಯಿಸಿ ಪ್ರಯೋಜನವಿಲ್ಲ, ಸ್ಟಿಕ್ಕರ್ ಪೂರ್ತಿ ಬಿಡಿ. ಬೇಗ ಬಿಟ್ಟು, ರಾತ್ರಿ ಟ್ಯಾಕ್ರೊಲಿಮಸ್ ಹಚ್ಚಿದರೆ ಎಷ್ಟೋ ಮಂದಿಗೆ ತಿಂಗಳುಗಳಲ್ಲಿ ಬಣ್ಣ ಮರಳುತ್ತದೆ. ಅಳತೆ ಮೀರಿ ಹರಡಿದರೆ, ಬೇರೆ ಕಡೆಯೂ ಬಂದರೆ ತೊನ್ನಿನ ಚಿಕಿತ್ಸೆಯೇ ಬೇಕು. ಕುಂಕುಮಕ್ಕೆ ಬದಲಾಯಿಸುವುದಾದರೆ ಮೊದಲು ಮುಂಗೈ ಒಳಭಾಗಕ್ಕೆ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ ನೋಡಿ. ತುರಿಕೆ, ಕಪ್ಪು ಬಂದರೆ ಹಣೆಗೆ ಬೇಡ.

ಇದನ್ನು ಓದುವ ಬೇರೆಯವರಿಗೆ: ಮೈಮೇಲೆ ತಿಳಿಬಣ್ಣದ ಮಚ್ಚೆಯಿದ್ದು ಅಲ್ಲಿ ಸ್ಪರ್ಶ ತಿಳಿಯದಿದ್ದರೆ, ಹತ್ತಿಯ ಎಳೆ ತಾಗಿಸಿದರೂ ಗೊತ್ತಾಗದಿದ್ದರೆ ಅದು ಕುಷ್ಠ ಇರಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆರು ಅಥವಾ ಹನ್ನೆರಡು ತಿಂಗಳ ಮಾತ್ರೆ ಉಚಿತ, ಪೂರ್ತಿ ವಾಸಿಯಾಗುತ್ತದೆ.

ಪ್ರಶ್ನೆ: ಕುತ್ತಿಗೆಯ ಹಿಂಭಾಗ ಕಪ್ಪಗೆ, ಮಖಮಲ್ಲಿನಂತೆ ದಪ್ಪ. ತೆಂಗಿನ ನಾರಿನಲ್ಲಿ ಉಜ್ಜಿದರೂ ಕೊಳೆ ಹೋಗುತ್ತಿಲ್ಲ.
— ಓದುಗ, ತುಮಕೂರು

ಉತ್ತರ: ಕೊಳೆಯಲ್ಲ, ಉಜ್ಜಿದಷ್ಟೂ ಕಪ್ಪಾಗುತ್ತದೆ. ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುತ್ತಿಲ್ಲ ಎಂಬುದರ ಗುರುತು ಇದು. ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಮಾಡಿಸಿ. 5.7ರಿಂದ 6.4 ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಾಯಿಲೆಯೇ. ತೂಕ ಇಳಿದಂತೆ ಕುತ್ತಿಗೆ ತಿಳಿಯಾಗುತ್ತದೆ, ಬರೀ ಕ್ರೀಮಿನಿಂದ ಆಗದು.

ಪ್ರಶ್ನೆ: ಅಮ್ಮನಿಗೆ 62. ಭಾರದ ಓಲೆ, ಜುಮುಕಿಯಿಂದ ಒಂದು ಕಿವಿಯ ತೂತು ಉದ್ದವಾಗಿ ಜೋಲಿದೆ, ಇನ್ನೊಂದು ಪೂರ್ತಿ ಹರಿದು ಎರಡು ಸೀಳಾಗಿದೆ. ಅಂಟು ಹಾಕಿ ಸರಿಮಾಡುತ್ತಾರಂತೆ, ಹೊಲಿಗೆ ಬೇಕೇ?
— ಓದುಗಿ, ಕುಂದಾಪುರ

ಉತ್ತರ: ಜೋಲಿದ ಕಿವಿಗೆ ಹೊಲಿಗೆಯಿಲ್ಲದ ವಿಧಾನ ನಡೆಯುತ್ತದೆ. ತೂತಿನ ಒಳಗೋಡೆಗೆ ಪ್ರಬಲ ಟ್ರೈಕ್ಲೋರೊಅಸಿಟಿಕ್ ಆಮ್ಲ ಸವರಿ ಒತ್ತಿ ಟೇಪ್ ಹಾಕುತ್ತಾರೆ. ಗಾಯವಾದ ಎರಡು ಗೋಡೆ ಕೂಡಿಕೊಳ್ಳುತ್ತವೆ. ಒಂದೇ ಸಲಕ್ಕೆ ಆಗದಿದ್ದರೆ ವಾರಗಳ ಅಂತರದಲ್ಲಿ ಮತ್ತೆ ಮಾಡುತ್ತಾರೆ. ಪೂರ್ತಿ ಹರಿದ ಕಿವಿಗೆ ಹೊಲಿಗೆಯೇ ಸರಿ. ಸೀಳಿನ ಎರಡೂ ಅಂಚಿನಲ್ಲಿ ಚರ್ಮ ಬೆಳೆದು ಮುಚ್ಚಿರುತ್ತದೆ. ಅದನ್ನು ಕತ್ತರಿಸಿ ಹಸಿ ಮಾಡದೆ ಬರೀ ಅಂಟಿಸಿದರೆ ಕೂಡುವುದಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಅಂಚು ತೆಗೆದು, ಮುಂದೆ ಹಿಂದೆ ಎರಡೂ ಕಡೆ ಸಣ್ಣ ನೈಲಾನ್ ದಾರದಲ್ಲಿ ಹೊಲಿದು, ಅಂದೇ ಮನೆಗೆ ಕಳಿಸುತ್ತಾರೆ. ಹೊಲಿಗೆ ಬಿಚ್ಚುವುದು ಏಳರಿಂದ ಹತ್ತು ದಿನಕ್ಕೆ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ತಂದುಕೊಂಡು, ರಕ್ತ ತೆಳುಮಾಡುವ ಮಾತ್ರೆ ಇದ್ದರೆ ಮೊದಲೇ ತಿಳಿಸಿ ಹೋಗಬೇಕು. ಹೃದಯದ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಹಿಂದೆ ಯಾವುದಾದರೂ ಗಾಯ ಗಟ್ಟಿಯಾಗಿ ಉಬ್ಬಿ ಬೆಳೆದಿದ್ದರೆ ಅದನ್ನು ವೈದ್ಯರಿಗೆ ತೋರಿಸಿ, ಕಿವಿಯಲ್ಲೂ ಹಾಗೇ ಆಗಬಹುದು.

ಮತ್ತೆ ಚುಚ್ಚಿಸಲು ಮೂರು ತಿಂಗಳಾದರೂ ಬಿಡಿ. ಹೊಲಿದ ಗೆರೆಯ ಮೇಲಲ್ಲ, ಅದರ ಪಕ್ಕದಲ್ಲಿ. ಗೆರೆಯ ಮೇಲೆ ಚುಚ್ಚಿದರೆ ಅಲ್ಲೇ ಮತ್ತೆ ಹರಿಯುತ್ತದೆ. ಆಮೇಲೆ ದಿನನಿತ್ಯಕ್ಕೆ ಹಗುರ ಚಿನ್ನದ ಟಿಕ್ಕಿ ಹಾಕಲಿ. ಜುಮುಕಿ ಹಾಕಲೇಬೇಕಾದ ದಿನ ಭಾರ ಹೊರುವ ಮಾಟಿಯನ್ನು ಕೂದಲಿಗೆ ಸಿಕ್ಕಿಸಿಕೊಳ್ಳಲಿ, ಮಲಗುವ ಮುಂಚೆ ಬಿಚ್ಚಿಡಲಿ.